ಸುಂಕದ ಕಟ್ಟೆ ದಾಟದ ಸೀಸೆ

‘ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ’ ಎಂಬ ಗಾದೆಯನ್ನು ಆಡದ ಹೆಂಗಸು ನಮ್ಮ ಕಡೆ ಇರಲಾರಳು. ಅತ್ತೆಯ ಮುಂದೆ ಸೊಸೆ, ಗಂಡನ ಮುಂದೆ ಹೆಂಡತಿ, ಸಂಬಳ ತಡವಾದಾಗ ಕಚೇರಿಯ ಗುಮಾಸ್ತರ ಮುಂದೆ ನಮ್ಮಂಥ ಶಾಲಾಮಾಸ್ತರಿಣಿಯರು, ಎಲ್ಲರೂ ಈ ಗಾದೆಯನ್ನು ಬಳಸಿದವರೇ. ಆದರೆ ಆ ಸುಂಕದವನು ಯಾರು, ಎಲ್ಲಿ ಕುಳಿತಿರುತ್ತಿದ್ದ ಎಂದು ಮಕ್ಕಳನ್ನು ಕೇಳಿದರೆ ಪಿಳಿಪಿಳಿ ನೋಡುತ್ತಾರೆ. ಹಳೆಯ ಶಾಸನಗಳಲ್ಲಿ ಹೆಜ್ಜುಂಕ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಎತ್ತಿನ ಮೇಲೆ ಹೇರಿಕೊಂಡು ಬಂದ ಎಲೆ, ಅಡಿಕೆ, ಮೆಣಸು ಎಲ್ಲಕ್ಕೂ ದಾರಿಯಲ್ಲಿ ಸುಂಕ ತೆತ್ತು ಮುಂದೆ ಹೋಗಬೇಕಿತ್ತು. ಹನ್ನೆರಡನೆಯ ಶತಮಾನದ ಶರಣರಲ್ಲಿ ಸುಂಕದ ಬಂಕಣ್ಣ ಎಂಬವನೂ ಇದ್ದಾನೆ. ಬೆಂಗಳೂರಿನ ಮಾಗಡಿ ರಸ್ತೆಯಲ್ಲಿ ಸುಂಕದಕಟ್ಟೆ ಎಂಬ ಜಾಗವಿದೆ. ಅಲ್ಲಿ ಈಗ ಬಸ್ಸು ನಿಲ್ಲುತ್ತದೆ, ಸುಂಕದವನು ಇಲ್ಲ.

ಆತ ಈಗ ವಿಮಾನ ನಿಲ್ದಾಣದಲ್ಲಿ, ಬಂದರಿನಲ್ಲಿ, ಪರದೇಶದ ಟಪಾಲು ಬಿಡಿಸುವ ಅಂಚೆ ಕಚೇರಿಯಲ್ಲಿ ಬಿಳಿಯ ಸಮವಸ್ತ್ರ ತೊಟ್ಟು ನಿಂತಿದ್ದಾನೆ. ಅವನ ನೆನಪಾಗಲು ಕಾರಣ, ನಮ್ಮ ಪಕ್ಕದ ಮನೆಯಾಕೆಯ ಮಗ. ದುಬೈಯಲ್ಲಿ ಕೆಲಸಕ್ಕಿರುವ ಆ ಹುಡುಗ ರಜೆಗೆ ಬಂದಾಗ ಅವನ ಚೀಲದಿಂದ ಎರಡು ಪುಟ್ಟ ಸೀಸೆಗಳನ್ನೂ ಪೆನ್ನಿನಂಥ ಒಂದು ಯಂತ್ರವನ್ನೂ ವಿಮಾನ ನಿಲ್ದಾಣದ ಅಧಿಕಾರಿಗಳು ತೆಗೆದಿಟ್ಟುಕೊಂಡರಂತೆ. ಸೀಸೆಯಲ್ಲಿದ್ದದ್ದು ವೇಪ್ ಯಂತ್ರಕ್ಕೆ ತುಂಬುವ ನಿಕೋಟಿನ್ ದ್ರವ. ಅದನ್ನು ಯಂತ್ರ ಕಾಯಿಸುತ್ತದೆ, ಅದು ಹಬೆಯಂತಾಗುತ್ತದೆ, ಆ ಹಬೆಯನ್ನು ಇವರು ಸೇದುತ್ತಾರೆ. ಬೆಂಕಿಯಿಲ್ಲ, ಬೂದಿಯಿಲ್ಲ, ಮನೆಯಲ್ಲಿ ಅಮ್ಮನಿಗೆ ಗೊತ್ತಾಗುವ ವಾಸನೆಯಂತೂ ಇಲ್ಲ. ಹುಡುಗ ಸಿಟ್ಟಿನಲ್ಲಿದ್ದ. “ಟೀಚರ್, ನನ್ನ ಹಿಂದೆ ನಿಂತವನ ಕೈಯಲ್ಲಿ ಎರಡು ಬಾಟ್ಲಿ ವಿಸ್ಕಿ ಇತ್ತು, ಸಿಗರೇಟಿನ ಪ್ಯಾಕುಗಳಿದ್ದವು. ಅವನನ್ನು ನಗುತ್ತಾ ಬಿಟ್ಟರು. ಸಿಗರೇಟು ಬಿಡೋಕೆ ಅಂತ ಇದನ್ನ ಹಿಡಿದವನು ನಾನು, ನನ್ನನ್ನು ಕಳ್ಳನ ಹಾಗೆ ನಿಲ್ಲಿಸಿದರು” ಎಂದ. ಅವನ ತಾಯಿ ಅಷ್ಟರಲ್ಲಿ ಕಾಫಿ ತಂದಿಟ್ಟು, “ಸಿಗರೇಟು ಯಾವಾಗ ಹಿಡಿದಿದ್ದೆಯೋ ಬಿಡೋದಕ್ಕೆ?” ಎಂದು ಕೇಳಿದ್ದರಿಂದ ಮಾತು ಅಲ್ಲಿಗೇ ನಿಂತಿತು.

ಹುಡುಗ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. 2016ರ ಬ್ಯಾಗೇಜ್ ನಿಯಮಗಳು ಪರದೇಶದಿಂದ ಬರುವವರಿಗೆ 100 ಸಿಗರೇಟುಗಳನ್ನೂ ಎರಡು ಲೀಟರ್ ಮದ್ಯವನ್ನೂ ಸುಂಕವಿಲ್ಲದೆ ತರಲು ಬಿಟ್ಟಿದ್ದವು. ನಿಕೋಟಿನ್ ದ್ರವದ ಸೀಸೆಗೋ ಸುಂಕ ಕಟ್ಟುತ್ತೇನೆಂದರೂ ದಾರಿಯಿಲ್ಲ. 2019ರ ಸೆಪ್ಟೆಂಬರ್ 18ರಂದು ಕೇಂದ್ರ ಸರ್ಕಾರ ಎಲೆಕ್ಟ್ರಾನಿಕ್ ಸಿಗರೇಟನ್ನು ನಿಷೇಧಿಸುವ ಸುಗ್ರೀವಾಜ್ಞೆ ತರುವುದಾಗಿ ಪ್ರಕಟಿಸಿತು. ಸೆಪ್ಟೆಂಬರ್ 26ರಂದು ವಿದೇಶ ವ್ಯಾಪಾರದ ಮಹಾನಿರ್ದೇಶನಾಲಯ ಆಮದನ್ನು ನಿಲ್ಲಿಸಿ ಅಧಿಸೂಚನೆ ಹೊರಡಿಸಿತು. ಯಂತ್ರದ ಜೊತೆಗೆ ಅದರ ಬಿಡಿಭಾಗ, ತುಂಬಿ ಹಾಕುವ ಕೊಳವೆ ಎಲ್ಲವೂ ಅದರಲ್ಲಿ ಸೇರಿದವು. ಡಿಸೆಂಬರಿನಲ್ಲಿ ಕಾಯಿದೆಯೇ ಆಯಿತು. ತಯಾರಿಸುವವರಿಗೆ, ತರುವವರಿಗೆ, ಮಾರುವವರಿಗೆ ಮೊದಲ ಸಲ ಒಂದು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷ ರೂಪಾಯಿಯವರೆಗೆ ದಂಡ ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ ಮೂರು ವರ್ಷ, ಐದು ಲಕ್ಷ. ಸೇದುವವನಿಗೆ ಮಾತ್ರ ಅದರಲ್ಲಿ ಶಿಕ್ಷೆ ಬರೆದಿಲ್ಲ.

ಜಪ್ತಿ, ಮುಟ್ಟುಗೋಲು ಎಂಬ ಎರಡು ಮಾತುಗಳನ್ನು ನಾವು ಒಂದೇ ಎಂಬಂತೆ ಆಡುತ್ತೇವೆ. 1962ರ ಕಸ್ಟಮ್ಸ್ ಕಾಯಿದೆಯಲ್ಲಿ ಅವು ಬೇರೆ ಬೇರೆ. ಈ ಮಾಲು ಕಾನೂನಿಗೆ ವಿರುದ್ಧವಾಗಿ ಬಂದಿದೆ ಎಂದು ನಂಬಲು ಕಾರಣವಿದ್ದರೆ ಅಧಿಕಾರಿ ಅದನ್ನು ವಶಕ್ಕೆ ತೆಗೆದುಕೊಳ್ಳುತ್ತಾನೆ. ಅದು ಜಪ್ತಿ. ಆಮೇಲೆ ಮಾಲಿನ ಒಡೆಯನಿಗೆ ನೋಟೀಸು ಕೊಟ್ಟು, ಅವನು ಹೇಳುವುದನ್ನು ಕೇಳಿ, ಮಾಲು ಸರ್ಕಾರದ್ದು ಎಂದು ಆಜ್ಞೆ ಮಾಡುವುದು ಮುಟ್ಟುಗೋಲು. ನೋಟೀಸು ಕೊಡಲು ಸಾಮಾನ್ಯವಾಗಿ ಆರು ತಿಂಗಳ ಗಡುವು. ಸುಂಕ ತಪ್ಪಿಸಿ ತಂದ ಮಿಕ್ಸರೋ ಟೀವಿಯೋ ಆದರೆ ದಂಡ ತೆತ್ತು ಬಿಡಿಸಿಕೊಳ್ಳುವ ಅವಕಾಶವನ್ನು ಕೊಡಲೇಬೇಕು. ನಿಷೇಧವಾದ ಮಾಲಾದರೆ ಅದು ಅಧಿಕಾರಿಯ ವಿವೇಚನೆಗೆ ಬಿಟ್ಟದ್ದು. ಸುಖದುಃಖ ಹೇಳಿಕೊಳ್ಳಲು ಈಗಿನ ಸುಂಕದವನ ಮುಂದೆ ಕಾಗದದ ಮೇಲಾದರೂ ಸ್ವಲ್ಪ ಜಾಗವಿದೆ ಎನ್ನಬೇಕು.

ಇನ್ನು ಸೀಸೆಯೊಳಗಿನ ವಸ್ತು. ಪೋರ್ಚುಗಲ್ಲಿನ ರಾಜಧಾನಿ ಲಿಸ್ಬನ್ನಿನಲ್ಲಿ ಫ್ರಾನ್ಸಿನ ರಾಯಭಾರಿಯಾಗಿದ್ದ ಜಾನ್ ನಿಕೋ ಎಂಬಾತ 1560ರ ಸುಮಾರಿಗೆ ಹೊಗೆಸೊಪ್ಪನ್ನು ಔಷಧಿಯೆಂದು ತನ್ನ ರಾಣಿ ಕ್ಯಾಥರೀನಳಿಗೆ ಕಳಿಸಿದ. ಆ ಗಿಡಕ್ಕೆ ಅವನ ಹೆಸರು ಅಂಟಿತು. ಗಿಡದೊಳಗಿನ ಸತ್ವವನ್ನು 1828ರಲ್ಲಿ ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ ಪೋಸೆಲ್ಟ್ ಮತ್ತು ರೈಮನ್ ಎಂಬಿಬ್ಬರು ಬೇರ್ಪಡಿಸಿದಾಗ ಅದು ನಿಕೋಟಿನ್ ಆಯಿತು. ಗಿಡ ಅದನ್ನು ಮಾಡಿಕೊಳ್ಳುವುದು ತನ್ನನ್ನು ತಿನ್ನಲು ಬರುವ ಹುಳುಗಳನ್ನು ಕೊಲ್ಲುವುದಕ್ಕೆ. ಇದು ನಮ್ಮ ಹಿರಿಯ ಹೆಂಗಸರಿಗೆ ರಸಾಯನ ಶಾಸ್ತ್ರ ಓದದೆಯೂ ಗೊತ್ತಿತ್ತು. ದಾಸವಾಳಕ್ಕೆ ಹೇನು ಹತ್ತಿದರೆ ನನ್ನ ತಾಯಿ ಹೊಗೆಸೊಪ್ಪು ಕುದಿಸಿ, ಆ ಕಷಾಯಕ್ಕೆ ಸಾಬೂನಿನ ನೀರು ಬೆರೆಸಿ ಚಿಮುಕಿಸುತ್ತಿದ್ದಳು. ಕುದಿಸಿದ ಪಾತ್ರೆ ಹಿತ್ತಲಿನಲ್ಲೇ ಇರುತ್ತಿತ್ತು, ಅಡುಗೆಮನೆಯ ಹೊಸಲು ದಾಟುತ್ತಿರಲಿಲ್ಲ. ಆ ದಿನ ನಾವು ಯಾರೂ ಗಿಡ ಮುಟ್ಟುವಂತಿರಲಿಲ್ಲ. ಅದೇ ತಾಯಿ ಊಟವಾದ ಮೇಲೆ ಎಲೆಯಡಿಕೆಯ ಜೊತೆ ಚೂರು ಹೊಗೆಸೊಪ್ಪು ಹಾಕಿಕೊಳ್ಳುತ್ತಿದ್ದಳು ಎಂಬುದನ್ನೂ ಹೇಳಬೇಕು.

ಸೀಸೆಯ ದ್ರವವೆಂದರೆ ಈ ನಿಕೋಟಿನ್, ಗ್ಲಿಸರಿನ್, ಪ್ರೊಪಿಲೀನ್ ಗ್ಲೈಕಾಲ್ ಎಂಬ ಇನ್ನೊಂದು ದ್ರವ ಮತ್ತು ಮಾವು, ಪುದೀನ, ಬಬಲ್‌ಗಮ್ಮಿನ ಪರಿಮಳ. ನುಂಗಿದರೆ ವಿಷ, ಚರ್ಮದ ಮೂಲಕವೂ ಮೈಗಿಳಿಯುತ್ತದೆ. 2014ರ ಡಿಸೆಂಬರಿನಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಒಂದು ಹಸುಳೆ ಇದನ್ನು ಕುಡಿದು ತೀರಿಕೊಂಡಿತು. ಮಕ್ಕಳ ಕೈಗೆ ಬಿಚ್ಚಲಾಗದ ಮುಚ್ಚಳ ಇರಬೇಕೆಂಬ ಕಾನೂನು ಆ ದೇಶದಲ್ಲಿ ಆದದ್ದು 2016ರಲ್ಲಿ.

ಹೊಗೆಸೊಪ್ಪು ನಮ್ಮ ದೇಶದ ಗಿಡವಲ್ಲ, ಅಮೆರಿಕ ಖಂಡದ್ದು. ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು. 1510ರಲ್ಲಿ ಬಿಜಾಪುರದ ಆದಿಲಶಾಹಿಗಳಿಂದ ಗೋವೆಯನ್ನು ಕಿತ್ತುಕೊಂಡವರು ಅವರೇ. ಗೋವೆಯಿಂದ ಬಿಜಾಪುರಕ್ಕೆ ಎಷ್ಟು ದೂರ! ಹೀಗಾಗಿ ಮೊಗಲರ ಆಗ್ರಾ ಇನ್ನೂ ಕಾಣದ ವಸ್ತುವನ್ನು ನಮ್ಮ ಬಿಜಾಪುರ ಕಂಡಿತ್ತು. ಆ ಕತೆಯನ್ನು ನಾನು ತರಗತಿಯಲ್ಲಿ ಪಠ್ಯಪುಸ್ತಕ ಮುಚ್ಚಿಟ್ಟು ಹೇಳುತ್ತೇನೆ.

ಅಕ್ಬರ ತನ್ನ ಕಿರಿಯ ಮಗ ದಾನಿಯಾಲನಿಗೆ ಬಿಜಾಪುರದ ಎರಡನೆಯ ಇಬ್ರಾಹಿಂ ಆದಿಲಶಾಹನ ಮಗಳನ್ನು ತಂದುಕೊಳ್ಳಬೇಕೆಂದಿದ್ದ. ಹೆಣ್ಣು ಕರೆತರಲು ಹೋದ ರಾಯಭಾರಿ ಬಿಜಾಪುರದಲ್ಲೇ ಕಾಲ ಕಳೆಯುತ್ತ ಕುಳಿತ. ಅವನನ್ನು ಹೊರಡಿಸಿಕೊಂಡು ಬರಲು ಅಸದ್ ಬೇಗ್ ಎಂಬ ಅಧಿಕಾರಿಯನ್ನು ಅಕ್ಬರ ಅಟ್ಟಿದ. ಹೋದ ಕೆಲಸ ಮುಗಿಸಿ ಹೊರಡುವಾಗ ಅಸದ್ ಬೇಗನ ಉಡುಗೊರೆಗಳ ಗಂಟಿನಲ್ಲಿ ಒಂದಿಷ್ಟು ಹೊಗೆಸೊಪ್ಪೂ, ರತ್ನ ಕೆತ್ತಿಸಿದ ಒಂದು ಚಂದದ ಚಿಲುಮೆಯೂ ಇದ್ದವು. 1604ರ ಸುಮಾರಿಗೆ ಆಗ್ರಾದ ಅರಮನೆಯಲ್ಲಿ ಅಕ್ಬರ ಅದನ್ನು ಕೈಗೆತ್ತಿಕೊಂಡು ಎರಡು ಮೂರು ದಮ್ಮು ಎಳೆದ. ಆಸ್ಥಾನದ ಹಕೀಮ ಗಾಬರಿಯಾಗಿ ಬೇಡ ಬೇಡವೆಂದ, ನಮ್ಮ ಗ್ರಂಥಗಳಲ್ಲಿ ಇದರ ಮಾತಿಲ್ಲ ಎಂದ. ಅಸದ್ ಬೇಗ್ ಬಿಡಲಿಲ್ಲ. ಯಾವುದೇ ಪದ್ಧತಿಯೂ ಒಂದು ದಿನ ಹೊಸದೇ ಆಗಿರುತ್ತದೆ ಎಂದು ವಾದ ಹೂಡಿದ. ಅಕ್ಬರ ಅಭ್ಯಾಸ ಮಾಡಿಕೊಳ್ಳಲಿಲ್ಲ. ಆಸ್ಥಾನದ ಶ್ರೀಮಂತರು ಮಾಡಿಕೊಂಡರು. ವ್ಯಾಪಾರಿಗಳು ತಂದು ಮಾರತೊಡಗಿದರು. ಇದನ್ನೆಲ್ಲ ಬರೆದಿಟ್ಟವನು ಅಸದ್ ಬೇಗನೇ. ತನ್ನ ಮಾಲಿನ ಬಗ್ಗೆ ತಾನೇ ಬರೆದುಕೊಂಡ ಅನ್ನಿ!

ಮದುವೆಯ ಹೆಣ್ಣಿನ ಗತಿ ಏನಾಯಿತೆಂದು ನಮ್ಮ ಹುಡುಗಿಯರು ಯಾವಾಗಲೂ ಕೇಳುತ್ತಾರೆ, ಹುಡುಗರು ಕೇಳುವುದಿಲ್ಲ. 1604ರಲ್ಲಿ ಮದುವೆಯಾಯಿತು, 1605ರಲ್ಲಿ ದಾನಿಯಾಲ ಬುರ್ಹಾನ್‌ಪುರದಲ್ಲಿ ಕುಡಿತದಿಂದ ಸತ್ತ. ಅವನಿಗೆ ಮದ್ಯ ಸಿಗದಂತೆ ಅಕ್ಬರನ ಅಪ್ಪಣೆಯಾಗಿತ್ತು, ಕಾವಲಿತ್ತು. ದಾನಿಯಾಲ ತನ್ನ ಬಂದೂಕಿನವನನ್ನು ಕಾಡಿಬೇಡಿ, ಬಂದೂಕಿನ ನಳಿಗೆಯಲ್ಲಿ ಮದ್ಯ ತುಂಬಿಸಿ ತರಿಸಿಕೊಂಡನಂತೆ. ಒಳಗಿದ್ದ ತುಕ್ಕು, ಮದ್ದಿನ ಕರಿ ಎಲ್ಲ ಕರಗಿ ಸೇರಿದ್ದ ಅದನ್ನು ಕುಡಿದು ಮಲಗಿದವನು ಏಳಲಿಲ್ಲ. ಆ ಬಂದೂಕಿಗೆ ಅವನೇ ಹೆಣದ ಚಟ್ಟ ಎಂಬರ್ಥದ ಹೆಸರಿಟ್ಟಿದ್ದ. ಅಣ್ಣ ಜಹಾಂಗೀರ ತನ್ನ ಆತ್ಮಕಥೆಯಲ್ಲಿ ಇದನ್ನು ಬರೆದಿದ್ದಾನೆ. ಚಾಪೆಯ ಕೆಳಗೆ ತೂರಿದರೆ ರಂಗೋಲಿಯ ಕೆಳಗೆ ತೂರುವವರು ಆಗಲೂ ಇದ್ದರು. ಬಿಜಾಪುರದ ಆ ರಾಜಕುಮಾರಿ ಒಂದೇ ವರ್ಷದಲ್ಲಿ ವಿಧವೆಯಾದಳು. ಅವಳ ಮುಂದಿನ ದಿನಗಳ ಮೇಲೆ ಯಾವ ಆಸ್ಥಾನದವನೂ ಶಾಯಿ ಖರ್ಚು ಮಾಡಿದಂತೆ ಕಾಣೆ.

ಅದೇ 1604ರಲ್ಲಿ ಇಂಗ್ಲೆಂಡಿನ ರಾಜ ಒಂದನೆಯ ಜೇಮ್ಸ್ ಹೊಗೆಸೊಪ್ಪನ್ನು ಬಯ್ದು ಒಂದು ಪುಸ್ತಕವನ್ನೇ ಬರೆದು, ಅದರ ಆಮದು ಸುಂಕವನ್ನು ಪೌಂಡಿಗೆ ಎರಡು ಪೆನ್ಸ್ ಇದ್ದದ್ದನ್ನು ಆರು ಶಿಲಿಂಗ್ ಹತ್ತು ಪೆನ್ಸಿಗೆ ಏರಿಸಿದ. ನಲವತ್ತೊಂದು ಪಟ್ಟು! ಜನ ಸೇದುವುದು ನಿಲ್ಲಿಸಲಿಲ್ಲ, ಕಳ್ಳಸಾಗಣೆ ಶುರುವಾಯಿತು, ಖಜಾನೆಗೆ ಬರುವುದೂ ಬರಲಿಲ್ಲ. ಕೆಲವೇ ವರ್ಷಗಳಲ್ಲಿ ರಾಜ ಸುಂಕ ಇಳಿಸಿದ. ಇಲ್ಲಿ 1617ರಲ್ಲಿ ಜಹಾಂಗೀರ ಹೊಗೆಸೊಪ್ಪನ್ನು ನಿಷೇಧಿಸಿದ. ಇರಾನಿನ ಷಾ ಅಬ್ಬಾಸನೂ ತನ್ನ ನಾಡಿನಲ್ಲಿ ನಿಷೇಧಿಸಿದ್ದ. ಆ ಷಾನ ಬಳಿಗೆ ಜಹಾಂಗೀರ ಕಳಿಸಿದ ರಾಯಭಾರಿಯೋ ಹೊಗೆಯಿಲ್ಲದೆ ಒಂದು ಗಳಿಗೆ ಇರಲಾರದವನು. ಕಡೆಗೆ ಅವನೊಬ್ಬನಿಗೆ ಷಾ ವಿನಾಯಿತಿ ಕೊಟ್ಟ.

ಆಮೇಲೆ ಬಂದವರು ನಿಷೇಧದ ಗೋಜಿಗೆ ಹೋಗಲಿಲ್ಲ. ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ಮಲಬಾರ್ ಮತ್ತು ಕೆನರಾ ಜಿಲ್ಲೆಗಳಲ್ಲಿ ಕಂಪನಿ ಸರ್ಕಾರ ಹೊಗೆಸೊಪ್ಪಿನ ಮಾರಾಟವನ್ನು ತನ್ನ ಏಕಸ್ವಾಮ್ಯ ಮಾಡಿಕೊಂಡಿತ್ತು. ಅದನ್ನು ಕೈಬಿಟ್ಟದ್ದು 1850ರ ದಶಕದಲ್ಲಿ. 1943ರಲ್ಲಿ, ಯುದ್ಧದ ನಡುವೆ, ಎಲೆಯ ಮೇಲೆಯೇ ಕೇಂದ್ರ ಅಬಕಾರಿ ಸುಂಕ ಬಿತ್ತು. ಸಮುದ್ರದ ದಂಡೆಯಲ್ಲಿದ್ದ ಸುಂಕದವನು ರೈತನ ಕಣಕ್ಕೇ ಬಂದ ಹಾಗಾಯಿತು. ನಮ್ಮ ನಿಪ್ಪಾಣಿಯ ಕಡೆಯ ಹಿರಿಯರು ಆ ಇನ್‌ಸ್ಪೆಕ್ಟರುಗಳ ನೆನಪನ್ನು ಬಹಳ ಕಾಲ ಇಟ್ಟುಕೊಂಡಿದ್ದರು. ಎಲೆಯ ಮೇಲಿನ ಆ ಸುಂಕ ಹೋದದ್ದು 1979ರಲ್ಲಿ.

ನಿಪ್ಪಾಣಿ ಎಂದಾಗ ನಾನು ಇತಿಹಾಸದ ಪುಸ್ತಕವನ್ನು ಸ್ವಲ್ಪ ಬದಿಗಿಡುತ್ತೇನೆ. ಅಲ್ಲಿನ ಉಗ್ರಾಣಗಳಲ್ಲಿ ಹೊಗೆಸೊಪ್ಪನ್ನು ಬಡಿದು, ಕೇರಿ, ಜಾಲಿಸಿ, ಪುಡಿ ಬೇರೆ ಕಡ್ಡಿ ಬೇರೆ ಮಾಡುವವರು ಹೆಂಗಸರು. ಮೂಗಿಗೆ ಸೆರಗು ಕಟ್ಟಿಕೊಂಡು, ಗಾಳಿಯಾಡದ ಕೋಣೆಯಲ್ಲಿ ಇಡೀ ದಿನ ಘಾಟಿನೊಳಗೆ ಕೂತು ಮಾಡುವ ಕೆಲಸ. 1980ರ ಸುಮಾರಿಗೆ ಅವರು ಸಂಘ ಕಟ್ಟಿ ಕೂಲಿಗಾಗಿ, ಗೌರವಕ್ಕಾಗಿ ಬೀದಿಗಿಳಿದರು. ಯುಗಾಂತರ್ ಎಂಬ ಮಹಿಳೆಯರ ಚಿತ್ರ ತಂಡ ಅವರ ಮೇಲೆ 1982ರಲ್ಲಿ ‘ತಂಬಾಕು ಚಾಕಿಲಾ ಊಬ್ ಆಲಿ’ ಎಂಬ ಸಾಕ್ಷ್ಯಚಿತ್ರ ಮಾಡಿತು. 1981ರಲ್ಲಿ ಅದೇ ನಿಪ್ಪಾಣಿಯ ಹೆದ್ದಾರಿಯಲ್ಲಿ ಬೆಲೆ ಕೇಳಿ ಕೂತ ಹೊಗೆಸೊಪ್ಪಿನ ರೈತರ ಮೇಲೆ ಗೋಲಿಬಾರಾಗಿ ಪ್ರಾಣಗಳು ಹೋದವು. ಇನ್ನೊಂದು ತುದಿಯಲ್ಲಿ, ಹುಣಸೂರು ಪಿರಿಯಾಪಟ್ಟಣಗಳ ಕಡೆ, ಸಿಗರೇಟಿನ ಎಲೆ ಬೆಳೆಯುತ್ತದೆ. ಹಸಿ ಎಲೆ ಕೊಯ್ಯುವವರ, ಕಟ್ಟುವವರ ಕೈಗೆ ಬೆವರಿನ ಜೊತೆ ನಿಕೋಟಿನ್ ಇಳಿದು ತಲೆ ಸುತ್ತು, ವಾಂತಿ ಬರುವುದಕ್ಕೆ ವೈದ್ಯರು ಹಸಿರು ತಂಬಾಕಿನ ಕಾಯಿಲೆ ಎನ್ನುತ್ತಾರೆ. ಈ ಕೈಗಳ ಮೇಲಿನ ವಿಷವನ್ನು ಯಾವ ಸುಂಕದ ಕಟ್ಟೆಯೂ ಜಪ್ತಿ ಮಾಡುವುದಿಲ್ಲ.

ಚೀನಾದ ಔಷಧಿ ತಜ್ಞ ಹೊನ್ ಲಿಕ್ ಈಗಿನ ಮಾದರಿಯ ವಿದ್ಯುತ್ ಸಿಗರೇಟನ್ನು ರೂಪಿಸಿದ್ದು 2003ರಲ್ಲಿ. ಆತನ ತಂದೆ ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡರು, ಆತನೂ ಸೇದುವವನೇ. ಸಿಗರೇಟಿನಲ್ಲಿ ಕ್ಯಾನ್ಸರು ತರುವುದು ಮುಖ್ಯವಾಗಿ ಸುಡುವ ಎಲೆಯ ಹೊಗೆ. ಚಟ ಹಿಡಿಸುವುದು ನಿಕೋಟಿನ್. ಹೊಗೆ ಬಿಟ್ಟು ಚಟವನ್ನಷ್ಟೇ ಕೊಟ್ಟರೆ ಹಾನಿ ಕಡಿಮೆ ಎಂಬುದು ಇದರ ಹಿಂದಿನ ಲೆಕ್ಕ. ಇಂಗ್ಲೆಂಡು ಆ ಲೆಕ್ಕವನ್ನು ಒಪ್ಪಿ, ಸಿಗರೇಟು ಬಿಡುವವರಿಗೆ ಸರ್ಕಾರದ ಕಡೆಯಿಂದಲೇ ವೇಪ್ ಕೊಡುವ ಯೋಜನೆಯನ್ನು 2023ರಲ್ಲಿ ತಂದಿತು; ಮಕ್ಕಳ ಕೈ ಸೇರುತ್ತಿದೆಯೆಂದು 2025ರ ಜೂನ್‌ನಲ್ಲಿ ಬಳಸಿ ಬಿಸಾಡುವ ಬಗೆಯನ್ನು ನಿಲ್ಲಿಸಿತು. ದುಬೈ ಸೇರಿದಂತೆ ಅರಬ್ ಸಂಯುಕ್ತ ಸಂಸ್ಥಾನದಲ್ಲಿ ಮಾರಾಟಕ್ಕೆ ಒಪ್ಪಿಗೆ ಸಿಕ್ಕಿದ್ದೂ 2019ರಲ್ಲೇ, ನಾವು ನಿಷೇಧಿಸಿದ ವರ್ಷವೇ. ಅಲ್ಲಿ ಅಂಗಡಿಯ ರಸೀದಿಯೊಂದಿಗೆ ವಿಮಾನ ಹತ್ತಿದ ಸೀಸೆ ಇಲ್ಲಿ ಇಳಿಯುವ ಹೊತ್ತಿಗೆ ಅಪರಾಧವಾಗಿರುತ್ತದೆ.

ಕರ್ನಾಟಕ 2016ರಲ್ಲೇ ಇದನ್ನು ನಿಷೇಧಿಸಿತ್ತು. ಆದರೂ ಮಾಲು ಬರುತ್ತದೆ. 2022ರ ಸೆಪ್ಟೆಂಬರಿನಲ್ಲಿ ಗುಜರಾತಿನ ಮುಂದ್ರಾ ಬಂದರಿನಲ್ಲಿ ಕಂದಾಯ ಗುಪ್ತಚರ ನಿರ್ದೇಶನಾಲಯದವರು ಚೀನಾದಿಂದ ಬಂದ ಒಂದು ಕಂಟೇನರನ್ನು ಬಿಚ್ಚಿಸಿದರು. ಕಾಗದದಲ್ಲಿ ಬರೆದದ್ದು ನೆಲ ಒರೆಸುವ ಮಾಪು. ಒಳಗೆ ಸಿಕ್ಕಿದ್ದು ಸುಮಾರು ಎರಡು ಲಕ್ಷ ವಿದ್ಯುತ್ ಸಿಗರೇಟುಗಳು, ಬೆಲೆ 48 ಕೋಟಿ ರೂಪಾಯಿ ಎಂದು ಅಂದಾಜು. ಬಂದೂಕಿನ ನಳಿಗೆಯಿಂದ ಮಾಪಿನ ಪೆಟ್ಟಿಗೆಗೆ ನಾಲ್ಕುನೂರು ವರ್ಷ.

ಇಷ್ಟೆಲ್ಲ ಕಷ್ಟಪಟ್ಟು ತರುವುದು ಯಾರಿಗಾಗಿ ಎಂಬುದು ನನಗೆ ಸ್ಪಷ್ಟವಾದದ್ದು ನಮ್ಮ ಶಾಲೆಯಲ್ಲಿ. ಒಂಬತ್ತನೆಯ ತರಗತಿಯ ಒಬ್ಬ ಹುಡುಗನ ಕಂಪಾಸು ಪೆಟ್ಟಿಗೆಯಲ್ಲಿ ಹಳದಿ ಬಣ್ಣದ, ದಪ್ಪ ಸ್ಕೆಚ್ ಪೆನ್ನಿನಂಥ ವಸ್ತು ಸಿಕ್ಕಿತು. ನಮ್ಮ ವ್ಯಾಯಾಮದ ಮೇಷ್ಟ್ರು ಮುಚ್ಚಳ ತೆಗೆಯಲು ಹೆಣಗಿ ಸೋತರು. ಕೊಠಡಿಯಲ್ಲೆಲ್ಲ ರಸಪುರಿ ಮಾವಿನ ಪರಿಮಳ. ಹುಡುಗ ಅಳಲಿಲ್ಲ. “ಇದು ಸಿಗರೇಟಲ್ಲ ಮಿಸ್, ಬರೀ ಫ್ಲೇವರು” ಎಂದ. ಅವನು ನಿಜವಾಗಿಯೂ ಹಾಗೆ ನಂಬಿದ್ದ. ಅದೇ ನನ್ನನ್ನು ಹೆದರಿಸಿದ್ದು. ಬೀಡಿ ಸೇದಿದ ಹುಡುಗ ಮೊದಲ ದಮ್ಮಿಗೇ ಕೆಮ್ಮುತ್ತಾನೆ, ಗಂಟಲು ಉರಿಯುತ್ತದೆ, ಎಷ್ಟೋ ಮಕ್ಕಳು ಅಲ್ಲಿಗೇ ಬಿಟ್ಟಿದ್ದಾರೆ. 2015ರಿಂದೀಚೆಗೆ ಹಬ್ಬಿದ ನಿಕೋಟಿನ್ ಲವಣದ ದ್ರವದಲ್ಲಿ ಆಮ್ಲ ಬೆರೆಸಿ ಆ ಉರಿಯನ್ನೇ ತೆಗೆದಿದ್ದಾರೆ. ಗಂಟಲು ಎಚ್ಚರಿಸುವುದಿಲ್ಲ, ಪ್ರಮಾಣ ಮಾತ್ರ ಹೆಚ್ಚು.

ಆದ್ದರಿಂದ ಪಕ್ಕದ ಮನೆಯ ಹುಡುಗನ ಸೀಸೆ ಹೋದದ್ದಕ್ಕೆ ನನಗೆ ಮರುಕವಿಲ್ಲ. ಬಿಡಬೇಕೆನ್ನುವವನಿಗೆ ನಿಕೋಟಿನ್ನಿನ ಚೂಯಿಂಗ್ ಗಮ್ ಔಷಧಿ ಅಂಗಡಿಯಲ್ಲಿದೆ. ಔಷಧಿಯೆಂದು ಪರವಾನಗಿ ಪಡೆದದ್ದನ್ನು 2019ರ ಕಾಯಿದೆ ಹೊರಗಿಟ್ಟಿದೆ. ಆದರೆ ಅವನು ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ. ಆರು ವರ್ಷ ಇತಿಹಾಸ ಓದಿಸಿದರೂ ಅಷ್ಟೇ, ಮೂವತ್ತು ವರ್ಷ ಓದಿಸಿದರೂ ಅಷ್ಟೇ. 2016-17ರ ಸಮೀಕ್ಷೆಯಲ್ಲಿ ದೇಶದ ವಯಸ್ಕರಲ್ಲಿ ನೂರಕ್ಕೆ 28.6 ಜನ ಒಂದಲ್ಲ ಒಂದು ಬಗೆಯ ತಂಬಾಕು ಬಳಸುತ್ತಿದ್ದರು, ಹೆಂಗಸರಲ್ಲಿ 14.2, ಅದರಲ್ಲಿ ಬಹುಪಾಲು ಬಾಯಲ್ಲಿ ಹಾಕಿಕೊಳ್ಳುವವರು. ಇವರ ಬೀಡಿ, ಸಿಗರೇಟು, ಕಡ್ಡಿಪುಡಿಗೆ ತೆರಿಗೆ ಕಟ್ಟಿದರೆ ಸಾಕು. 2019ರಲ್ಲಿ ನಿಷೇಧವನ್ನು ಪ್ರಕಟಿಸಿದವರು ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್. ಆ ದಿನಗಳಲ್ಲಿ ಅವರು ನಮ್ಮ ಕರ್ನಾಟಕದಿಂದ ಆಯ್ಕೆಯಾದ ರಾಜ್ಯಸಭಾ ಸದಸ್ಯೆ. ಆಗ ನಾವೆಲ್ಲ ಕಂತು ಕಟ್ಟುವ ಜೀವ ವಿಮಾ ನಿಗಮ ದೇಶದ ಅತಿ ದೊಡ್ಡ ಸಿಗರೇಟು ಕಂಪನಿಯ ದೊಡ್ಡ ಷೇರುದಾರರಲ್ಲಿ ಒಂದಾಗಿತ್ತು. ಜೀವಕ್ಕೆ ವಿಮೆ ಮಾಡಿಸುವವರು ಸಿಗರೇಟಿನ ಲಾಭದಲ್ಲಿ ಪಾಲುದಾರರು ಎಂದರೆ ನಗಬೇಕೋ ಅಳಬೇಕೋ. ಹೊಸದನ್ನು ಬಾಗಿಲಲ್ಲೇ ತಡೆಯುವುದು ಸುಲಭ, ಅದಕ್ಕೆ ಇಲ್ಲಿ ರೈತರಿಲ್ಲ, ಕೂಲಿಯವರಿಲ್ಲ, ಖಜಾನೆಗೆ ಅಭ್ಯಾಸವಾಗಿಲ್ಲ. ಹಳೆಯದರ ಜೊತೆ ನಾಲ್ಕು ಶತಮಾನದ ಸಂಸಾರ ನಡೆದಿದೆ.

ಜಪ್ತಿಯಾದ ಮಾಲಿನ ಕೊನೆಯ ಗತಿಯೂ ಸಲೀಸಿಲ್ಲ. ಕಳ್ಳಸಾಗಣೆಯ ಸಿಗರೇಟಾದರೆ ರಾಶಿ ಹಾಕಿ ಸುಡುತ್ತಾರೆ, ಆ ಫೋಟೋಗಳು ಪತ್ರಿಕೆಯಲ್ಲಿ ಬರುತ್ತವೆ. ಈ ಪೆನ್ನುಗಳಲ್ಲಿ ಲಿಥಿಯಂ ಬ್ಯಾಟರಿ ಇರುತ್ತದೆ, ಬೆಂಕಿಗೆ ಹಾಕಿದರೆ ಸಿಡಿಯುತ್ತದೆ. ದ್ರವವನ್ನು ಚರಂಡಿಗೆ ಚೆಲ್ಲಿದರೆ ನೀರಿಗೆ ವಿಷ. ಬ್ಯಾಟರಿ, ತಗಡು, ಪ್ಲಾಸ್ಟಿಕ್ಕು, ನಿಕೋಟಿನ್ ಎಲ್ಲವನ್ನೂ ಬೇರೆ ಬೇರೆ ಮಾಡಿಸಿ ನಾಶ ಮಾಡಿಸಬೇಕು. ಆ ನಿಕೋಟಿನ್ ಯಾವ ಹೊಲದ ಎಲೆಯದೋ. ಹೊಗೆಸೊಪ್ಪಿನ ಕಸದಿಂದ, ಪುಡಿಯಿಂದ ನಿಕೋಟಿನ್ ತೆಗೆದು ಹೊರದೇಶಕ್ಕೆ ಕಳಿಸುವ ಕಾರ್ಖಾನೆಗಳು ನಮ್ಮ ದೇಶದಲ್ಲೂ ಇವೆ, ಅದಕ್ಕೆ ನಿಷೇಧವಿಲ್ಲ. ಯಾವುದೋ ಉಗ್ರಾಣದಲ್ಲಿ ಮೂಗಿಗೆ ಸೆರಗು ಕಟ್ಟಿಕೊಂಡ ಹೆಂಗಸು ಗುಡಿಸಿ ಒಟ್ಟಿದ ಪುಡಿಯೇ ಹಡಗು ಹತ್ತಿ, ಚೀನಾ ಸುತ್ತಿ, ಮಾವಿನ ಪರಿಮಳ ಪೂಸಿಕೊಂಡು, ಮಾಪಿನ ಹೆಸರಿನಲ್ಲಿ ಮುಂದ್ರಾಕ್ಕೆ ಬಂದು ಇಳಿದಿದ್ದರೂ ಇಳಿದಿರಬಹುದು.